ಜಮಖಾನಕ್ಕೆ ಒಂದು, ಉಣ್ಣೆಗೆ ಇನ್ನೊಂದು: ಕಾರ್ಪೆಟ್ ಮಷಿನ್‌ಗೆ ಯಾವ ಬ್ರಷ್ ಹಾಕಬೇಕು?

ರಾಯಚೂರು: ಮದುವೆ ಸೀಸನ್ ಮುಗಿದರೆ ಶಾಮಿಯಾನ ಅಂಗಡಿಯವರಿಗೆ, ಹಬ್ಬ ಬಂದರೆ ಮನೆಯವರಿಗೆ ಕಾರ್ಪೆಟ್ ತೊಳೆಯೋ ಚಿಂತೆ. ಎಲ್ಲದಕ್ಕೂ ಒಂದೇ ಬ್ರಷ್ ಹಾಕಿ ಎಳೆದರೆ ಕೊಳೆ ಜೊತೆ ನೂಲೂ ಕಿತ್ತು ಬರುತ್ತದೆ. ಪೈಪಿನ ತುದಿಗೆ ಯಾವ ಮೂತಿ ಹಾಕಬೇಕು ಅನ್ನೋದು ನೂಲಿನ ಮೇಲಿದೆ.

ನೂಲು ಯಾವುದು ಗೊತ್ತಾಗಲಿಲ್ಲವೇ? ಅಂಚಿನಿಂದ ಒಂದೆಳೆ ಕಿತ್ತು, ದೂರ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕಾಗದದಂಗೆ ಉರಿದು ಬೂದಿಯಾದರೆ ಹತ್ತಿ ಇಲ್ಲವೇ ಸೆಣಬು. ಕರಗಿ ಗಟ್ಟಿ ಗುಂಡಾದರೆ ಸಿಂಥೆಟಿಕ್.

ದೇವದುರ್ಗ, ಮಾನ್ವಿ ಕಡೆ ಎರೆಮಣ್ಣಿನ ಧೂಳು ಜಾಸ್ತಿ. ನೀರು ಬಿದ್ದರೆ ಅದು ಅಲ್ಲೇ ಕೆಸರಾಗಿ ನೂಲಿನ ಬುಡಕ್ಕೆ ಇಳಿಯುತ್ತದೆ. ಹಂಗಾಗಿ ಯಾವ ಕಾರ್ಪೆಟ್ಟೇ ಇರಲಿ, ಮೊದಲು ಒಣ ಧೂಳು ಎಳೆಯಬೇಕು, ಆಮೇಲೆ ನೀರು. ಈ ಕೆಲಸ ಬಿಟ್ಟವರೇ ಜಾಸ್ತಿ.

ನೈಲಾನ್, ಪಾಲಿಪ್ರೊಪಿಲೀನ್ ಕಾರ್ಪೆಟ್‌ನಲ್ಲಿ ನೂಲಿನ ತುದಿ ಕತ್ತರಿಸಿದ್ದರೆ ತಿರುಗುವ ಬ್ರಷ್ ನಡೆಯುತ್ತದೆ. ನೂಲು ಕುಣಿಕೆಯಾಗಿದ್ದರೆ ಬೇಡ, ಎಳೆ ಸಿಕ್ಕಿಕೊಂಡು ಉದ್ದಕ್ಕೂ ಬಿಚ್ಚುತ್ತದೆ. ಫಂಕ್ಷನ್ ಹಾಲ್‌ನ ತೆಳು ಹಸಿರು, ಕೆಂಪು ಕಾರ್ಪೆಟ್ ನೇಯ್ದದ್ದಲ್ಲ, ಒತ್ತಿ ಮಾಡಿದ್ದು. ಬ್ರಷ್ ತಿರುಗಿಸಿದರೆ ಮೇಲೆ ನವಿರು ಏಳುತ್ತದೆ. ನೀರು ಸಿಂಪಡಿಸಿ ಎಳೆಯುವ ಅಗಲ ಮೂತಿ ಸಾಕು. ಒಂದು ಸಲ ನೀರು ಬಿಟ್ಟರೆ ಎರಡು ಸಲ ಬರೀ ಎಳೆಯಬೇಕು. ಮೂತಿಯ ತುಟಿಗೆ ಪ್ಲಾಸ್ಟಿಕ್ ಪಟ್ಟಿ ಇದ್ದರೆ ಸಲೀಸಾಗಿ ಜಾರುತ್ತದೆ.

ನವಲಗುಂದದ ಜಮಖಾನ ಹತ್ತಿಯದು, ಚಪ್ಪಟೆ ನೇಯ್ಗೆ. ಅದಕ್ಕೆ ಬ್ರಷ್ ಇಲ್ಲದ ಚಪ್ಪಟೆ ಮೂತಿಯೇ ಸರಿ. ಕುಚ್ಚಿನ ಕಡೆ ಮಷಿನ್ ಒಯ್ಯಬೇಡಿ, ಕೈಯಿಂದಲೇ ಕೊಡವಿ. ಒದ್ದೆ ಬಿಳಿ ಬಟ್ಟೆಯಿಂದ ಮೂಲೆ ಒರೆಸಿ ನೋಡಿ: ಬಣ್ಣ ಹತ್ತಿದರೆ ಒಣ ಕ್ಲೀನಿಂಗ್ ಅಷ್ಟೇ.

ಉಣ್ಣೆಯದಕ್ಕೆ ಬರೀ ಎಳೆಯುವ ಮೂತಿ, ತಣ್ಣೀರು ಇಲ್ಲವೇ ಉಗುರು ಬೆಚ್ಚಗಿನ ನೀರು, ಉಣ್ಣೆಗೆಂದೇ ಸಿಗುವ ಲಿಕ್ವಿಡ್. ಕುದಿನೀರು, ತಿಕ್ಕಾಟ ಎರಡೂ ಸೇರಿದರೆ ಉಣ್ಣೆ ಕುಗ್ಗಿ ಗಂಟಾಗುತ್ತದೆ. ವಾಷಿಂಗ್ ಸೋಡಾ ಹಾಕಿದರೆ ನೂಲಿನ ಜೀವವೇ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಅಂತೂ ಬೇಡವೇ ಬೇಡ.

ಸೆಣಬು, ತೆಂಗಿನ ನಾರಿನ ಚಾಪೆಗೆ ನೀರಿನ ಮಷಿನ್ ತೋರಿಸಬೇಡಿ, ಕಂದು ಕಲೆ ಏಳುತ್ತದೆ. ಮನೆಯ ಸಾದಾ ವ್ಯಾಕ್ಯೂಮ್‌ನಿಂದಲೂ ನೀರು ಎಳೆಯಬಾರದು, ಮೋಟಾರ್ ಸುಡುತ್ತದೆ, ಶಾಕ್ ಹೊಡೆಯುವ ಅಪಾಯವೂ ಇದೆ. ‘ವೆಟ್ ಅಂಡ್ ಡ್ರೈ’ ಎಂದು ಬರೆದ ಮಷಿನ್ ಮಾತ್ರ ಬಳಸಿ.

ನಮ್ಮ ಕಡೆ ಬಿಸಿಲಿಗೆ ಕೊರತೆಯಿಲ್ಲ. ಆದರೂ ಬಣ್ಣದ ಜಮಖಾನ, ಉಣ್ಣೆಯನ್ನು ನೆರಳಲ್ಲೇ ಗಾಳಿಗೆ ಹಾಕಿ. ಮಳೆಗಾಲದಲ್ಲಿ ಹಸಿ ಇದ್ದಾಗಲೇ ಸುತ್ತಿ ಗೋಡೌನಿಗೆ ಹಾಕಿದರೆ ಬೂಷ್ಟು ಗ್ಯಾರಂಟಿ.