ಇದ್ದದ್ದು ಇದ್ದ ಹಾಗೇ

ತೀರ್ಥಹಳ್ಳಿಯಿಂದ ದೊಡ್ಡಪ್ಪನ ಫೋನು ಬಂದಾಗ ಮಳೆಗಾಲ ಶುರುವಾಗಿ ಎರಡು ವಾರ. "ಲ್ಯಾಪ್‌ಟಾಪು ಟಿಕ್ ಟಿಕ್ ಅಂತಿದೆ ಮಾರಾಯ, ಗೋಡೆ ಮೇಲೆ ಹಲ್ಲಿ ಲೊಚಗುಟ್ಟಿದ ಹಾಗೆ. ಒಂದು ಫೈಲ್ ತೆಗೆದರೆ ಕಾಫಿ ಕುಡಿದು ಬರುವಷ್ಟು ಹೊತ್ತು" ಅಂದರು. ನನಗೆ ಎದೆ ಧಸಕ್ಕೆಂದಿತು. ಹಾರ್ಡ್ ಡಿಸ್ಕ್ ಹಾಗೆ ಸದ್ದು ಮಾಡುತ್ತಿದೆ ಎಂದರೆ ಅದು ಹೋಗುವ ಕಾಲ ಬಂತು ಎಂದೇ ಅರ್ಥ.

ದೊಡ್ಡಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹತ್ತು ವರ್ಷದಿಂದ ಊರಿನ ಚರಿತ್ರೆ ಬರೆಯುತ್ತಿದ್ದಾರೆ. ಯಾವ ಮನೆಯವರು ಎಲ್ಲಿಂದ ಬಂದರು, ಯಾವ ಕೆರೆ ಯಾರ ಕಾಲದ್ದು, ಯಾವ ಗದ್ದೆ ಯಾವ ವ್ಯಾಜ್ಯದಲ್ಲಿ ಕೈ ಬದಲಾಯಿತು, ಎಲ್ಲ. ಎರಡೇ ಬೆರಳಲ್ಲಿ, ನುಡಿ ತಂತ್ರಾಂಶದಲ್ಲಿ ಕುಟ್ಟಿದ್ದು. ಬ್ಯಾಕಪ್ ಇದೆಯಾ ಅಂತ ಕೇಳಿದೆ. "ಅದೆಲ್ಲ ಡೆಸ್ಕ್‌ಟಾಪ್ ಮೇಲೇ ಇದೆಯಲ್ಲ!" ಅಂದರು.

ಹೊಸ ಲ್ಯಾಪ್‌ಟಾಪ್ ಕೊಡಿಸ್ತೀನಿ ಅಂದರೆ ಒಪ್ಪಲಿಲ್ಲ. ಫೈಲ್‌ಗಳನ್ನು ಕಾಪಿ ಮಾಡಿ ವಿಂಡೋಸ್ ಹೊಸದಾಗಿ ಹಾಕ್ತೀನಿ ಅಂದರೂ ಇಲ್ಲ. "ಇದ್ದದ್ದು ಇದ್ದ ಹಾಗೇ ಇರಬೇಕು. ನುಡಿ ಅಲ್ಲೇ, ಫಾಂಟು ಅಲ್ಲೇ, ಎಡಗಡೆ ಮೂಲೆಯ ಫೋಲ್ಡರು ಎಡಗಡೆ ಮೂಲೆಯಲ್ಲೇ." ಅಂದರೆ ಅವರಿಗೆ ಬೇಕಾಗಿದ್ದು ಕಾಪಿ ಅಲ್ಲ, ಕ್ಲೋನ್. ಎಸ್.ಪಿ. ರೋಡಿಗೆ ಹೋಗಿ ಒಂದು ಟಿಬಿಯ ಎಸ್ಎಸ್‌ಡಿ, ಅದನ್ನು ಯುಎಸ್‌ಬಿಗೆ ಸಿಕ್ಕಿಸುವ ಒಂದು ಕೇಬಲ್, ಎರಡು ಪೆನ್ ಡ್ರೈವ್ ತಗೊಂಡು ರಾತ್ರಿ ಬಸ್ಸು ಹತ್ತಿದೆ. ನಿದ್ದೆ ಬರಲಿಲ್ಲ. ನನ್ನ ಚೀಲದಲ್ಲಿರುವ ಈ ಎರಡೂವರೆ ಇಂಚಿನ ಡಬ್ಬಿ ಎಲ್ಲಿಂದ ಎಲ್ಲಿಗೆ ಬಂತು ಅನ್ನುವುದೇ ತಲೆಯಲ್ಲಿ ಸುತ್ತುತ್ತಿತ್ತು.

ಶುರು ಮಾಡಿದವರೂ ಒಬ್ಬ ಮೇಷ್ಟ್ರೇ. ರೆನಾಲ್ಡ್ ಜಾನ್ಸನ್ ಅಮೆರಿಕದ ಮಿಷಿಗನ್‌ನಲ್ಲಿ ಹೈಸ್ಕೂಲ್ ವಿಜ್ಞಾನ ಪಾಠ ಹೇಳುತ್ತಿದ್ದವರು. ಮಕ್ಕಳ ಉತ್ತರಪತ್ರಿಕೆ ತಿದ್ದುವ ಯಂತ್ರ ಕಂಡುಹಿಡಿದು ಆ ನೆಪದಲ್ಲಿ ಐಬಿಎಂ ಸೇರಿದರು. 1952ರಲ್ಲಿ ಕಂಪನಿ ಅವರನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಕಳಿಸಿ, ಒಂದು ಲ್ಯಾಬ್ ಕಟ್ಟಿ ಅಂದಿತು. ಆಗ ಲೆಕ್ಕಪತ್ರವೆಲ್ಲ ಪಂಚ್ ಕಾರ್ಡ್‌ನಲ್ಲಿ. ಬೇಕಾದ ಒಂದು ಕಾರ್ಡಿಗಾಗಿ ಇಡೀ ಕಟ್ಟನ್ನು ಜಾಲಾಡಬೇಕು. ಟೇಪೂ ಅಷ್ಟೇ, ಮೊದಲಿಂದ ಸುತ್ತುತ್ತಾ ಹೋಗಬೇಕು. ನೇರವಾಗಿ ಬೇಕಾದ ಜಾಗಕ್ಕೇ ಕೈ ಹಾಕುವ ಹಾಗಿದ್ದರೆ? ಜಾನ್ಸನ್ ತಂಡದ ಉತ್ತರ 1956ರ ಸೆಪ್ಟೆಂಬರಿನಲ್ಲಿ ಹೊರಬಂತು. ಅದರ ಹೆಸರು ರಾಮಾಕ್. 24 ಇಂಚು ಅಗಲದ 50 ತಟ್ಟೆಗಳು ಒಂದರ ಮೇಲೊಂದು, ನಿಮಿಷಕ್ಕೆ 1,200 ಸುತ್ತು, ತೂಕ ಒಂದು ಟನ್ನಿನ ಲೆಕ್ಕ. ಅದನ್ನು ಫೋರ್ಕ್‌ಲಿಫ್ಟಿನಲ್ಲಿ ವಿಮಾನಕ್ಕೆ ಏರಿಸುತ್ತಿರುವ ಫೋಟೋ ನೀವೂ ನೋಡಿರಬಹುದು. ಇಷ್ಟೆಲ್ಲ ಮಾಡಿ ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಈಗಿನ ಲೆಕ್ಕದಲ್ಲಿ ನಾಲ್ಕು ಎಂಬಿಗೂ ಕಮ್ಮಿ. ಒಂದು ಸಿನಿಮಾ ಹಾಡು. ಬಾಡಿಗೆ ತಿಂಗಳಿಗೆ 3,200 ಡಾಲರ್.

1958ರಲ್ಲಿ ಬ್ರಸೆಲ್ಸ್‌ನ ವಿಶ್ವ ಮೇಳದಲ್ಲಿ ಇದನ್ನು 'ಪ್ರೊಫೆಸರ್ ರಾಮಾಕ್' ಅಂತ ಹೆಸರಿಟ್ಟು ಕೂರಿಸಿದ್ದರು. ಜನ ಒಂದು ಇಸವಿ ಹೇಳಿದರೆ ಆ ವರ್ಷ ಪ್ರಪಂಚದಲ್ಲಿ ಏನಾಯಿತು ಅಂತ ಹತ್ತು ಭಾಷೆಗಳಲ್ಲಿ ಹೇಳುತ್ತಿತ್ತಂತೆ. ಕನ್ನಡ ಇರಲಿಲ್ಲ ಬಿಡಿ. ಆದರೆ ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ಜನರಿಗೆ ಪರಿಚಯವಾಗಿದ್ದು ಚರಿತ್ರೆ ಹೇಳುವ ಮೇಷ್ಟ್ರ ವೇಷದಲ್ಲಿ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ.

ಮುಂದಿನದೆಲ್ಲ ಕುಗ್ಗುತ್ತಾ ಹೋದ ಕತೆ. 1973ರಲ್ಲಿ ಐಬಿಎಂನ ವಿಂಚೆಸ್ಟರ್ ಬಂತು. 30 ಎಂಬಿಯ ಎರಡು ಭಾಗ ಅನ್ನೋ ಯೋಜನೆ ಇದ್ದದ್ದರಿಂದ '30-30' ಎಂಬ ಪ್ರಸಿದ್ಧ ಬಂದೂಕಿನ ಹೆಸರು ಅಂಟಿಕೊಂಡಿತು. 1980ರಲ್ಲಿ ಸೀಗೇಟ್ ಕಂಪನಿ ಐದೂಕಾಲು ಇಂಚಿನ 5 ಎಂಬಿ ಡಿಸ್ಕ್ ತಂದಿತು. 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿಯೊಳಗೆ 10 ಎಂಬಿ ಡಿಸ್ಕ್ ಕೂತಿತು. ಅಲ್ಲಿಗೆ ಅದು ಮನೆಯ ಮೇಜಿನವರೆಗೆ ಬಂದ ಹಾಗಾಯಿತು. ಮನೆಗೆ ಬಂದದ್ದೇ, ಇದನ್ನು ಇನ್ನೊಂದಕ್ಕೆ ಸಾಗಿಸುವುದು ಹೇಗೆ ಎಂಬ ತಲೆನೋವೂ ಹಿಂದೆಯೇ ಬಂತು.

ಡಾಸ್ ಕಾಲದಲ್ಲಿ ಅದೇನೂ ಅಷ್ಟು ಕಷ್ಟವಿರಲಿಲ್ಲ. ಫೈಲ್‌ಗಳನ್ನು ಹೊಸ ಡಿಸ್ಕಿಗೆ ಸುರಿದು, ಒಂದು ಕಮಾಂಡ್ ಕೊಟ್ಟು ಬೂಟ್ ಆಗುವ ಹಾಗೆ ಮಾಡಿದರೆ ಮುಗೀತು. ವಿಂಡೋಸ್ 95 ಬಂದ ಮೇಲೆ ಆಟ ಕೆಟ್ಟಿತು. ರಿಜಿಸ್ಟ್ರಿ, ಉದ್ದ ಹೆಸರಿನ ಫೈಲ್‌ಗಳು, ತೆರೆದಿಟ್ಟುಕೊಂಡು ಕೂತು ಮುಟ್ಟಲು ಬಿಡದ ಫೈಲ್‌ಗಳು. ಕಾಪಿ ಮಾಡಿದರೆ ಸಾಮಾನೆಲ್ಲ ಬರುತ್ತಿತ್ತು, ಮನೆ ಮಾತ್ರ ಏಳುತ್ತಿರಲಿಲ್ಲ. ಆ ಹೊತ್ತಿಗೆ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಮರ್ರೆ ಹಸಾರ್ಡ್ ಎಂಬಾತ 'ಘೋಸ್ಟ್' ಎಂಬ ತಂತ್ರಾಂಶ ಬರೆದ. ಡಿಸ್ಕಿನ ಪಡಿಯಚ್ಚು ತೆಗೆದು ಇನ್ನೊಂದರ ಮೇಲೆ ಒತ್ತುವ ಕೆಲಸ ಅದರದ್ದು. 1998ರಲ್ಲಿ ಸಿಮ್ಯಾಂಟೆಕ್ ಅದನ್ನು ಕೊಂಡುಕೊಂಡಿತು. ನಮ್ಮ ಕಾಲೇಜಿನ ಹತ್ತಿರದ ಸೈಬರ್ ಕೆಫೆ ಹುಡುಗ ಭಾನುವಾರ ಬಾಗಿಲು ಹಾಕಿಕೊಂಡು ಎಂಟೂ ಮಷೀನಿಗೆ 'ಘೋಸ್ಟ್ ಹೊಡೆಯುತ್ತಿದ್ದ'. ವೈರಸ್ ತುಂಬಿ ನರಳುತ್ತಿದ್ದ ಕಂಪ್ಯೂಟರುಗಳು ಸೋಮವಾರ ಸ್ನಾನ ಮಾಡಿ ಬಂದವರ ಹಾಗೆ ಕೂತಿರುತ್ತಿದ್ದವು.

ಯುನಿಕ್ಸ್ ಮಂದಿಯ ಹತ್ತಿರ 1970ರ ದಶಕದಿಂದಲೇ ಇದಕ್ಕೊಂದು ಎರಡಕ್ಷರದ ಕಮಾಂಡ್ ಇತ್ತು: ಡಿಡಿ. ಎಲ್ಲಿಂದ, ಎಲ್ಲಿಗೆ ಅಂತ ಹೇಳಿದರೆ ಸಾಕು, ಒಳಗೇನಿದೆ ಅಂತ ಕೇಳುವುದಿಲ್ಲ, ಬಿಟ್‌ಗೆ ಬಿಟ್ ಎತ್ತಿಡುತ್ತದೆ. ಎಲ್ಲಿಂದ ಮತ್ತು ಎಲ್ಲಿಗೆ ಅದಲುಬದಲಾದರೂ ಕೇಳುವುದಿಲ್ಲ, ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಬರೆದು ಮುಗಿಸಿ ಸುಮ್ಮನೆ ಕೂರುತ್ತದೆ. ಅದಕ್ಕೇ ತಮಾಷೆಗೆ ಅದನ್ನು 'ಡಿಸ್ಕ್ ಡೆಸ್ಟ್ರಾಯರ್' ಅನ್ನುತ್ತಾರೆ. ನನಗೆ ಆ ತಮಾಷೆ ಅರ್ಥವಾಗಿದ್ದು ದೊಡ್ಡಪ್ಪನ ಜಗಲಿಯಲ್ಲಿ.

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು ಅಂತ ಶಾಲೆಯಲ್ಲಿ ಓದಿದ್ದೇವೆ. ದೊಡ್ಡಪ್ಪನೇ ನಮಗೆ ಪಾಠ ಮಾಡಿದ್ದು. ಆ ಲಿಪಿಕಾರರಲ್ಲಿ ಯಾರಾದರೂ ಒಂದು ಸಾಲು ಬಿಟ್ಟಿದ್ದರೆ ಉಳಿದವರ ಪ್ರತಿಯಲ್ಲಿ ಅದು ಸಿಕ್ಕೀತು. ಪಾಠ ಮಾಡಿದ ಅದೇ ಮೇಷ್ಟ್ರು ತಮ್ಮ ಪುಸ್ತಕವನ್ನು ಒಂದೇ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದರಲ್ಲ ಅಂತ ಬಸ್ಸಿನಲ್ಲಿ ಸಿಟ್ಟೇ ಬಂದಿತ್ತು.

ಇನ್ನು ಹೊಸ ಡಬ್ಬಿಯ ವಂಶಾವಳಿ. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಓಡಾಡುವ ಕೈ ಇಲ್ಲ. ಇರುವುದು ಫ್ಲಾಶ್ ಮೆಮೊರಿ. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೋ ಮಸುವೊಕಾ ಅದನ್ನು 1984ರಲ್ಲಿ ಜಗತ್ತಿನ ಮುಂದಿಟ್ಟರು. ಈಗ ಎಲ್ಲೆಲ್ಲೂ ಬಳಕೆಯಲ್ಲಿರುವ ನ್ಯಾಂಡ್ ಮಾದರಿಯನ್ನು 1987ರಲ್ಲಿ. ಕ್ಯಾಮೆರಾದ ಫ್ಲಾಶ್ ಹೊಡೆದ ಹಾಗೆ ಒಂದೇ ಏಟಿಗೆ ಅಳಿಸುತ್ತದೆ ಅಂತ ಸಹೋದ್ಯೋಗಿಯೊಬ್ಬರು ಆ ಹೆಸರು ಸೂಚಿಸಿದರಂತೆ. ಅಷ್ಟು ದೊಡ್ಡ ಶೋಧಕ್ಕೆ ತಕ್ಕ ಪ್ರತಿಫಲ ಸಿಗಲಿಲ್ಲವೆಂದು ಮಸುವೊಕಾ ತಮ್ಮ ಹಳೇ ಕಂಪನಿಯ ಮೇಲೆಯೇ ದಾವೆ ಹೂಡಬೇಕಾಯಿತು. 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು. ನಮ್ಮೆಲ್ಲರ ಜೇಬಿನಲ್ಲಿರುವ ವಸ್ತುವಿಗೆ ಇದು ಚಿಲ್ಲರೆ ಕಾಸು ಅಂತಲೇ ನನ್ನ ಲೆಕ್ಕ.

1991ರಲ್ಲಿ ಸನ್‌ಡಿಸ್ಕ್, ಮುಂದೆ ಸ್ಯಾನ್‌ಡಿಸ್ಕ್ ಆದ ಕಂಪನಿ, ಐಬಿಎಂಗೆ 20 ಎಂಬಿಯ ಫ್ಲಾಶ್ ಡ್ರೈವ್ ಮಾಡಿಕೊಟ್ಟಿತು. ಬೆಲೆ ಸುಮಾರು ಸಾವಿರ ಡಾಲರ್. ಆ ಕಂಪನಿ ಕಟ್ಟಿದ ಮೂವರಲ್ಲಿ ಒಬ್ಬರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ. 2008ರ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲೂ 64 ಜಿಬಿ ಎಸ್ಎಸ್‌ಡಿ ಬೇಕೆಂದರೆ ಸಾವಿರ ಡಾಲರಿನಷ್ಟು ಹೆಚ್ಚಿಗೆ ಕೊಡಬೇಕಿತ್ತು. ಅದು ನಮ್ಮ ಕೈಗೆಟುಕಿದ್ದಕ್ಕೆ ಒಂದು ನೆರೆಯ ಪಾಲೂ ಇದೆ. 2011ರ ಕೊನೆಯಲ್ಲಿ ಥಾಯ್ಲೆಂಡ್ ಮುಳುಗಿದಾಗ ಅಲ್ಲಿನ ಹಾರ್ಡ್ ಡಿಸ್ಕ್ ಕಾರ್ಖಾನೆಗಳೂ ಮುಳುಗಿದವು. ಜಗತ್ತಿನ ಡಿಸ್ಕುಗಳಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿದ್ದದ್ದು. ಬೆಲೆ ದಿಢೀರ್ ಏರಿತು. ದೊಡ್ಡಪ್ಪನ ಲ್ಯಾಪ್‌ಟಾಪ್ ಕೊಂಡದ್ದು ಸರಿಯಾಗಿ ಆಗಲೇ. 500 ಜಿಬಿ ಅಂದುಕೊಂಡು ಹೋದವರು 320ಕ್ಕೆ ತೃಪ್ತಿಪಟ್ಟು ಬಂದಿದ್ದೆವು. ಇತ್ತ ಎಸ್ಎಸ್‌ಡಿ ಬೆಲೆ ಇಳಿಯುತ್ತಿತ್ತು, ಜನ ಅತ್ತ ನೋಡತೊಡಗಿದರು.

ಊರು ಮುಟ್ಟಿದಾಗ ಮಳೆ ಹೊಯ್ಯುತ್ತಿತ್ತು. ಸಾಯುತ್ತಿರುವ ಡಿಸ್ಕಿಗೆ ಮಾಮೂಲಿ ಕ್ಲೋನಿಂಗ್ ತಂತ್ರಾಂಶ ಆಗದು, ಓದಲಾಗದ ಒಂದು ಜಾಗ ಸಿಕ್ಕರೆ ಹಲವು ಅಲ್ಲೇ ನಿಂತುಬಿಡುತ್ತವೆ. ಅದಕ್ಕೆ ಡಿಡಿ-ರೆಸ್ಕ್ಯೂ ಅಂತ ಒಂದಿದೆ. ಅದು ಮೊದಲು ಸಲೀಸಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಕಷ್ಟದ ಜಾಗಗಳನ್ನು ಗುರುತು ಹಾಕಿಕೊಂಡು ಕೊನೆಗೆ ವಾಪಸ್ ಬರುತ್ತದೆ. ಲಿನಕ್ಸ್ ಇದ್ದ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ಕಮಾಂಡ್ ಬರೆದೆ. ಎಂಟರ್ ಒತ್ತುವ ಮುಂಚೆ ದೊಡ್ಡಮ್ಮ ಕಷಾಯ ತಂದಿಟ್ಟರು. ಲೋಟ ಎತ್ತಿಕೊಂಡು ಮತ್ತೆ ಪರದೆ ನೋಡಿದರೆ ಅದಲುಬದಲು! ಎಲ್ಲಿಂದ ಅನ್ನೋ ಜಾಗದಲ್ಲಿ ಒಂದು ಟಿಬಿಯ ಖಾಲಿ ಡ್ರೈವು, ಎಲ್ಲಿಗೆ ಅನ್ನೋ ಜಾಗದಲ್ಲಿ ದೊಡ್ಡಪ್ಪನ ಹತ್ತು ವರ್ಷ. ಕೈ ನಡುಗಿತು. ದೊಡ್ಡಪ್ಪ ಪಕ್ಕದಲ್ಲೇ ಕೂತಿದ್ದರು, ನಾನು ಏನೂ ಹೇಳಲಿಲ್ಲ. ಅಳಿಸಿ, ಡ್ರೈವ್‌ಗಳ ಗಾತ್ರ ಇನ್ನೊಂದು ಸಲ ನೋಡಿ, ಬೆರಳಿಟ್ಟು ಓದಿ ಮತ್ತೆ ಬರೆದೆ.

320 ಜಿಬಿ ಅಂದರೆ 62 ಕೋಟಿ 51 ಲಕ್ಷಕ್ಕೂ ಹೆಚ್ಚು ಸೆಕ್ಟರ್. ಒಂದೊಂದರಲ್ಲಿ 512 ಬೈಟ್. ಮೂರು ಗಂಟೆ ಸರಾಗವಾಗಿ ಓಡಿತು. ಆಮೇಲೆ ಟಿಕ್ ಟಿಕ್ ಶುರುವಾಗಿ ಆಮೆಯಾಯಿತು. ಸಂಜೆ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು, ಹಾಗಾಗಿ ಎಲ್ಲ ಆಫ್. ಪುಣ್ಯಕ್ಕೆ ಎಲ್ಲಿವರೆಗೆ ಬಂತು ಅನ್ನುವ ಲೆಕ್ಕವನ್ನು ಎರಡನೇ ಪೆನ್ ಡ್ರೈವ್‌ಗೆ ಬರೆಸುತ್ತಿದ್ದೆ. ಕರೆಂಟು ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಯಿತು. ಬೆಳಗಿನ ಜಾವ ನೋಡಿದರೆ ಎಲ್ಲ ಬಂದಿತ್ತು, ಹನ್ನೊಂದು ಸೆಕ್ಟರ್ ಬಿಟ್ಟು.

ಹೊಸ ಡ್ರೈವ್ ಒಳಗೆ ಹಾಕಿ, ಸ್ಕ್ರೂ ಬಿಗಿದು ಸ್ವಿಚ್ ಒತ್ತಿದೆ. ಅರ್ಧ ನಿಮಿಷದಲ್ಲಿ ಅದೇ ತುಂಗಾ ನದಿಯ ಚಿತ್ರ, ಎಡಗಡೆ ಮೂಲೆಯಲ್ಲಿ ಅದೇ ಫೋಲ್ಡರು. ಹೆಚ್ಚಿಗೆ ಬಂದ ಜಾಗ ಮಾತ್ರ ಕೊನೆಯಲ್ಲಿ ಅನಾಥವಾಗಿ ಬಿದ್ದಿತ್ತು. ಮಧ್ಯೆ ಅಡ್ಡ ಕೂತಿದ್ದ ರಿಕವರಿ ಪಾರ್ಟಿಷನ್ ಅನ್ನು ಹಿಂದಕ್ಕೆ ತಳ್ಳಿದ ಮೇಲೆಯೇ ಅದು ಸಿ ಡ್ರೈವ್‌ಗೆ ಸೇರಿದ್ದು. ವಿಂಡೋಸ್‌ನಿಂದ ಡಿಸ್ಕ್ ತಪಾಸಣೆಯನ್ನೂ ಮಾಡಿಸಿದೆ. ಏನೂ ತೊಂದರೆ ಇಲ್ಲ ಅಂತು.

ತೊಂದರೆ ಕಂಡದ್ದು ದೊಡ್ಡಪ್ಪನಿಗೆ. ಒಂದೊಂದೇ ಅಧ್ಯಾಯ ತೆಗೆದು ನೋಡುತ್ತಾ ಹೋದವರು ಏಳನೆಯದರಲ್ಲಿ ನಿಂತರು. ಒಂದು ಪ್ಯಾರಾದ ನಡುವೆ ಐದಾರು ಸಾಲಿನಷ್ಟು ಬರೀ ಖಾಲಿ. 512 ಬೈಟ್ ಅಂದರೆ ನುಡಿ ಅಕ್ಷರಗಳ ಲೆಕ್ಕದಲ್ಲಿ ಹೆಚ್ಚೂಕಮ್ಮಿ ಅಷ್ಟೇ. ನಾನು ತಲೆ ತಗ್ಗಿಸಿ ಸೆಕ್ಟರ್, ತಟ್ಟೆ, ಅಂತೆಲ್ಲ ವಿವರಿಸತೊಡಗಿದೆ. ಅವರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ, ಖಾಲಿ ಜಾಗದ ಹಿಂದಿನ ಸಾಲನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದರು.

"ಇದು ಮೇಲಿನ ಕೆರೆ ಒಡೆದದ್ದು ಮಾರಾಯ. ನಮ್ಮಜ್ಜಿ ಹೇಳಿದ್ದು, ನಂಗೆ ಬಾಯಲ್ಲೇ ಇದೆ. ಕೂತ್ಕೋ, ನಾನು ಹೇಳ್ತೀನಿ, ನೀನು ಕುಟ್ಟು. ನಿನ್ನ ಕೈ ಬೇಗ."

ಕುಟ್ಟಿದೆ. ಎಂಟು ಸಾಲಾಯಿತು.