ಹಳಿ ಇಲ್ಲಿ, ಕಡತ ಅಲ್ಲಿ

ರೈಲಿನಲ್ಲಿ ಕುಳಿತವನಿಗೆ ವಲಯದ ಗಡಿ ಕಾಣುವುದಿಲ್ಲ. ಕಿಟಕಿಯಾಚೆ ಹೊಲ, ಕೆರೆ, ಗುಡ್ಡಗಳಷ್ಟೇ. ಆದರೆ ನಮ್ಮೂರಿಗೊಂದು ಹೊಸ ಗಾಡಿ ಬೇಕು, ಗೇಟಿನ ಬಳಿ ಮೇಲ್ಸೇತುವೆ ಬೇಕು ಎಂದು ಅರ್ಜಿ ಬರೆಯಲು ಕುಳಿತಾಗ ಆ ಗಡಿ ಎದ್ದು ನಿಲ್ಲುತ್ತದೆ. ಅರ್ಜಿ ಯಾವ ಊರಿಗೆ ಹೋಗಬೇಕು? ನೈಋತ್ಯ ರೈಲ್ವೆಯ ಚರಿತ್ರೆಯನ್ನು ಈ ಪ್ರಶ್ನೆಯ ಮೂಲಕವೇ ನೋಡಬಹುದು.

ನಮ್ಮ ಹಳಿಗಳನ್ನು ಹಾಸಿದ್ದು ಒಂದೇ ಕೈಯಲ್ಲ. 1864ರಲ್ಲಿ ಮದ್ರಾಸ್ ರೈಲ್ವೆ ಜೋಲಾರಪೇಟೆಯ ಕಡೆಯಿಂದ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂತು. 1876–78ರ ಭೀಕರ ಬರಗಾಲದಲ್ಲಿ, ಹೊರಗಿನಿಂದ ಧಾನ್ಯ ತಂದರೂ ಹಳ್ಳಿಗಳಿಗೆ ಮುಟ್ಟಿಸುವುದು ದುಸ್ತರವಾಯಿತು. ಆ ಕಾಲದಲ್ಲೇ ಕೈಗೆತ್ತಿಕೊಂಡ ಮೈಸೂರು ಸಂಸ್ಥಾನದ ಮೀಟರ್ ಗೇಜ್ ಮಾರ್ಗ 1882ರಲ್ಲಿ ಮೈಸೂರನ್ನು ಮುಟ್ಟಿತು. ಅದೇ ವರ್ಷ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಧಾರವಾಡ ಸೀಮೆಯಲ್ಲಿ ಹಳಿ ಹಾಸಿತು. ಗೋವೆಯ ಬಂದರಿನಿಂದ ಘಟ್ಟ ಹತ್ತಿ ಬಂದ ಪೋರ್ಚುಗೀಸ್ ಸೀಮೆಯ ಹಳಿ ಕ್ಯಾಸಲ್‌ರಾಕ್‌ನಲ್ಲಿ ಅದನ್ನು ಕೂಡಿಕೊಂಡಿತು. ಹೀಗೆ ಒಂದು ಮಾರ್ಗ ದಂಡಿಗೆ, ಇನ್ನೊಂದು ಬರಕ್ಕೆ, ಮತ್ತೊಂದು ಬಂದರಿಗೆ.

ಸ್ವಾತಂತ್ರ್ಯಾನಂತರ, 1951ರಲ್ಲಿ, ಈ ಮಾರ್ಗಗಳು ದಕ್ಷಿಣ ರೈಲ್ವೆಗೆ ಸೇರಿದವು; ಕೇಂದ್ರ ಕಚೇರಿ ಮದ್ರಾಸ್. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ, ಹುಬ್ಬಳ್ಳಿ ವಿಭಾಗ ಸಿಕಂದರಾಬಾದಿನ ಪಾಲಾಯಿತು. ಬೆಂಗಳೂರು, ಮೈಸೂರುಗಳ ಕಡತ ಮದ್ರಾಸಿಗೆ, ಹುಬ್ಬಳ್ಳಿಯ ಕಡತ ಸಿಕಂದರಾಬಾದಿಗೆ! ಏಕೀಕರಣವಾಗಿ ಹತ್ತು ವರ್ಷ ಕಳೆದಿದ್ದ ನಾಡಿಗೆ ರೈಲಿನ ಲೆಕ್ಕದಲ್ಲಿ ಮಾತ್ರ ಏಕೀಕರಣ ದೊರೆಯಲಿಲ್ಲ.

1996ರಲ್ಲಿ ಹೊಸ ವಲಯದ ಘೋಷಣೆಯಾದಾಗ ಕೇಂದ್ರ ಕಚೇರಿಗೆ ಗೊತ್ತುಮಾಡಿದ್ದು ಬೆಂಗಳೂರನ್ನು. ಉತ್ತರ ಕರ್ನಾಟಕದ ಒತ್ತಾಯ ಗೆದ್ದು ಅದು ಹುಬ್ಬಳ್ಳಿಗೆ ಬಂತು. 2003ರ ಏಪ್ರಿಲ್ 1ರಂದು ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳೊಂದಿಗೆ ನೈಋತ್ಯ ರೈಲ್ವೆ ಕೆಲಸ ಆರಂಭಿಸಿತು.

ಈ ವಲಯದ ಹರವು ಗೋವೆಯ ವಾಸ್ಕೋದಿಂದ ತಮಿಳುನಾಡಿನ ಹೊಸೂರಿನವರೆಗೆ. ದೂಧಸಾಗರದ ಘಟ್ಟದಲ್ಲಿ ಏರು 37ಕ್ಕೆ 1. ಅಂದರೆ 37 ಮೀಟರ್ ಸಾಗುವಷ್ಟರಲ್ಲಿ 1 ಮೀಟರ್ ಹತ್ತಬೇಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ಬಯಲಿನಲ್ಲಿ ಅದೇ ಲಾಭ, ಘಟ್ಟದಲ್ಲಿ ಅದೇ ತೊಡಕು. ಹಾಗಾಗಿ ಭಾರದ ಗಾಡಿಗಳನ್ನು ಹಿಂದಿನಿಂದ ನೂಕಲು ಬೇರೆ ಎಂಜಿನ್‌ಗಳು ಬೇಕಾಗುತ್ತವೆ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ.

2023ರಲ್ಲಿ ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. ವೀಕ್ಷಕ ಮಿತ್ರರು ಅದರ ಜೊತೆಗೆ ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಇದೇ ಘಟ್ಟ ಇಳಿದು ಹೋದರೆ ಸಿಗುವ ಮಂಗಳೂರು ಇಂದಿಗೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿದೆ. ಕಲಬುರಗಿ ಮಧ್ಯ ರೈಲ್ವೆಯ ಸೋಲಾಪುರ ವಿಭಾಗದಲ್ಲಿದೆ, ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿದೆ. ಈ ಊರುಗಳ ಅರ್ಜಿ ಹುಬ್ಬಳ್ಳಿಗೆ ಬರುವುದಿಲ್ಲ.