ಮನೋರೋಗದ ಔಷಧ ಚಿಕಿತ್ಸೆ: ಬಸವಕಲ್ಯಾಣ–ಹುಮನಾಬಾದ್ ಭಾಗದಲ್ಲಿ ವೈದ್ಯರ ಆಯ್ಕೆ

ಮನೋರೋಗದ ಔಷಧ ಚಿಕಿತ್ಸೆ ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸವಲ್ಲ. ಕಾಯಿಲೆಯನ್ನು ಗುರುತಿಸಬೇಕು, ಗುಳಿಗೆ ಆರಿಸಬೇಕು, ಪ್ರಮಾಣವನ್ನು ಏರಿಸಿ ಇಳಿಸಿ ಹದಕ್ಕೆ ತರಬೇಕು, ಅಡ್ಡಪರಿಣಾಮಗಳ ಮೇಲೆ ಕಣ್ಣಿಡಬೇಕು, ಕೊನೆಗೆ ನಿಲ್ಲಿಸುವ ಹೊತ್ತು ಬಂದಾಗ ಮೆಲ್ಲಗೆ ನಿಲ್ಲಿಸಬೇಕು. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ, ಹಾಗೆಯೇ ಇವೆರಡರಿಂದ ಬೇರ್ಪಟ್ಟ ಹುಲಸೂರು ಮತ್ತು ಚಿಟಗುಪ್ಪ ತಾಲ್ಲೂಕುಗಳಲ್ಲಿ, ಮನೆಯೊಂದರಲ್ಲಿ ಇಂಥ ಕಾಯಿಲೆ ಕಾಣಿಸಿಕೊಂಡರೆ ಮೊದಲು ಏಳುವ ಪ್ರಶ್ನೆ ‘ದೊಡ್ಡ ಡಾಕ್ಟರ್ ಎಲ್ಲಿದ್ದಾರೆ?’ ಎಂಬುದು. ಸೊಲ್ಲಾಪುರ, ಹೈದರಾಬಾದ್, ಕಲಬುರಗಿಯ ಹೆಸರುಗಳು ಬರುತ್ತವೆ. ಕಾಡಿ ಬೇಡಿ ಹಣ ಹೊಂದಿಸಿ ಒಮ್ಮೆ ಹೋಗಿ ಬರುತ್ತಾರೆ. ಆದರೆ ಚಿಕಿತ್ಸೆ ಉಳಿಯುವುದೋ ಮುರಿಯುವುದೋ ನಿರ್ಧಾರವಾಗುವುದು ಮೂರನೆಯ, ನಾಲ್ಕನೆಯ ತಿಂಗಳಲ್ಲಿ. ಆ ತಿಂಗಳಲ್ಲೂ ಕೂಲಿ ತಪ್ಪಿಸಿಕೊಳ್ಳದೆ, ಸಾಲ ಮಾಡದೆ ಹೋಗಿ ಬರಲು ಆಗುವ ವೈದ್ಯರೇ ಈ ಭಾಗದ ರೋಗಿಗೆ ಸರಿಯಾದ ವೈದ್ಯರು. ರೋಗನಿರ್ಣಯ ದೂರದ ಊರಿನಲ್ಲಿ ಆಗಲಿ, ಔಷಧ ಮುಂದುವರಿಯುವ ಜಾಗ ಮಾತ್ರ ಹತ್ತಿರವಿರಬೇಕು.

ಹೀಗೆ ಹೇಳಲು ಔಷಧಗಳ ಸ್ವಭಾವವೇ ಕಾರಣ. ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್, ಫ್ಲೂಆಕ್ಸೆಟಿನ್‌ನಂಥ ಗುಳಿಗೆಗಳ ಗುಣ ಗೊತ್ತಾಗಲು ಎರಡರಿಂದ ನಾಲ್ಕು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ. ಹೊಟ್ಟೆ ತೊಳಸುವುದು, ಚಡಪಡಿಕೆ ಮಾತ್ರ ಮೊದಲ ವಾರದಲ್ಲೇ ಬಂದುಬಿಡುತ್ತವೆ. ಕಷ್ಟ ಮೊದಲು ಬಂದು ಸುಖ ಆಮೇಲೆ ಬರುವ ಈ ಹೊತ್ತಿನಲ್ಲಿ ಕೇಳುವವರಿಲ್ಲದಿದ್ದರೆ ರೋಗಿ ಗುಳಿಗೆ ಬಿಡುತ್ತಾನೆ. ಆರಾಮಾದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಔಷಧ ಮುಂದುವರಿಸಬೇಕು. ಸ್ಕಿಝೋಫ್ರೇನಿಯಾ ಮತ್ತು ಬೈಪೋಲಾರ್ ಕಾಯಿಲೆಗಳಲ್ಲಿ ಲೆಕ್ಕ ವರ್ಷಗಳದ್ದು. ಓಲಾಂಜಪಿನ್ ತಗೊಳ್ಳುವವರ ತೂಕ, ಸಕ್ಕರೆ ನೋಡುತ್ತಿರಬೇಕು. ಕ್ಲೋಜಪಿನ್ ಶುರುಮಾಡಿದರೆ ಮೊದಲ 18 ವಾರ ಪ್ರತಿ ವಾರ ಬಿಳಿ ರಕ್ತಕಣಗಳ ಎಣಿಕೆ ಆಗಬೇಕು. ವ್ಯಾಲ್‌ಪ್ರೊಯೇಟ್ ಗರ್ಭದ ಮಗುವಿಗೆ ಅಪಾಯಕಾರಿಯಾದ್ದರಿಂದ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಅದನ್ನು ಬರೆಯುವ ಮುನ್ನ ಆ ಮಾತು ಬಿಚ್ಚಿ ಆಡಲೇಬೇಕು. ಲಿಥಿಯಂ ಕಥೆಯಂತೂ ಬೀದರ್ ಸೀಮೆಯ ಬಿಸಿಲಿಗೆ ನೇರವಾಗಿ ಸಂಬಂಧಪಟ್ಟದ್ದು. ಅದರ ಗುಣದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಮೇ ತಿಂಗಳ ಬಿಸಿಲಲ್ಲಿ ಹೊಲದಲ್ಲಿ ದುಡಿದು ಮೈಯ ನೀರು ಬತ್ತಿದರೆ, ವಾಂತಿಭೇದಿಯಾದರೆ, ಅಥವಾ ಮೈಕೈ ನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ಡೈಕ್ಲೊಫೆನಾಕ್ ನುಂಗಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ನಡುಗತೊಡಗುತ್ತದೆ, ನಾಲಿಗೆ ತೊದಲುತ್ತದೆ, ನಡಿಗೆ ತಪ್ಪುತ್ತದೆ. ಆ ದಿನ ಬೇಕಾಗುವುದು ಲಿಥಿಯಂ ಮಟ್ಟ, ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಗಳನ್ನು ಬರೆದುಕೊಡುವ, ಅದೇ ದಿನ ಸಿಗುವ ವೈದ್ಯರು. ಮುನ್ನೂರು ಜನರ ಸಾಲಿನ ಆಚೆ ಕೂತವರಲ್ಲ.

ಯಾರು ಗುಳಿಗೆ ಬರೆಯಬಹುದು ಎಂಬಲ್ಲೇ ಬಹಳ ಮನೆಗಳು ದಾರಿ ತಪ್ಪುತ್ತವೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಓದಿದವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ ಮತ್ತು ಮನಃಪರೀಕ್ಷೆಗಳಲ್ಲಿ ಪಳಗಿದವರು, ಅವರು ಗುಳಿಗೆ ಬರೆಯುವುದಿಲ್ಲ. ಜನ ‘ನರದ ಡಾಕ್ಟರ್’ ಎಂದು ಕರೆಯುವವರು ನರರೋಗ ತಜ್ಞರು; ಪಾರ್ಶ್ವವಾಯು, ಫಿಟ್ಸ್ ಅವರ ಕ್ಷೇತ್ರ. ಮನಸ್ಸಿನ ಕಾಯಿಲೆ ಎನ್ನಲು ಸಂಕೋಚಪಟ್ಟು ನರದ ಡಾಕ್ಟರ ಹತ್ತಿರ ಹೋದವರು ಹಣ, ಕಾಲ ಎರಡನ್ನೂ ಕಳೆದುಕೊಳ್ಳುತ್ತಾರೆ. ಇನ್ನು ‘ನಿದ್ದೆ ಗುಳಿಗೆ’ಯ ವಿಷಯ. ಆಲ್ಪ್ರಜೊಲಾಮ್, ಕ್ಲೊನಜೆಪಾಮ್‌ಗಳು ಮೊದಲ ರಾತ್ರಿಯೇ ನಿದ್ದೆ ಕೊಡುತ್ತವೆ, ಹಾಗಾಗಿ ಅವನ್ನು ಕೊಟ್ಟವರೇ ಒಳ್ಳೆಯ ಡಾಕ್ಟರ್ ಅನ್ನಿಸುತ್ತದೆ. ಕೆಲವೇ ವಾರಗಳಲ್ಲಿ ಮೈ ಅವಕ್ಕೆ ಒಗ್ಗಿಹೋಗುತ್ತದೆ, ಬಹುಕಾಲ ನುಂಗಿ ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರಲೂಬಹುದು. 2014ರಿಂದ ಆಲ್ಪ್ರಜೊಲಾಮ್ ಔಷಧ ನಿಯಮಗಳ ಎಚ್1 ಅನುಸೂಚಿಯಲ್ಲಿದೆ. ಅಂಗಡಿಯವರು ಅದನ್ನು ಚೀಟಿ ನೋಡಿ, ರೋಗಿಯ ಮತ್ತು ವೈದ್ಯರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದೇ ಕೊಡಬೇಕು. ಯಾವ ಕಾಯಿಲೆ, ಯಾವ ಗುಳಿಗೆ, ಎಷ್ಟು ದಿನ ಎಂದು ಕೇಳಿದರೆ ನಿದ್ದೆ ಗುಳಿಗೆ ಬಿಟ್ಟು ಬೇರೆ ಉತ್ತರವಿಲ್ಲದ ವೈದ್ಯರನ್ನು ಬದಲಿಸುವುದು ಒಳ್ಳೆಯದು.

ಈ ಭಾಗದಲ್ಲಿ ಲಭ್ಯವಿರುವ ದಾರಿಗಳು ಜನ ಅಂದುಕೊಂಡದ್ದಕ್ಕಿಂತ ಹೆಚ್ಚು. ಹುಮನಾಬಾದಿನಿಂದ ಸುಮಾರು 50 ಕಿಲೋಮೀಟರ್ ದೂರದ ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ಬ್ರಿಮ್ಸ್ ಇದೆ. ಕಲಬುರಗಿಯಲ್ಲಿ ಜಿಮ್ಸ್, ಮಹಾದೇವಪ್ಪ ರಾಂಪುರೆ ಕಾಲೇಜುಗಳಿವೆ, ಬೀದರ್–ಕಲಬುರಗಿ ರೈಲು ಹುಮನಾಬಾದಿನ ಮೇಲೆಯೇ ಹೋಗುತ್ತದೆ. ಇವು ರೋಗನಿರ್ಣಯದ ಜಾಗಗಳು. ಮುಂದುವರಿಕೆಗೆ ತಾಲ್ಲೂಕು ಆಸ್ಪತ್ರೆಯನ್ನು ನೋಡಬೇಕು. ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ‘ಮನೋಚೈತನ್ಯ’ ಕಾರ್ಯಕ್ರಮದ ಉದ್ದೇಶವೇ ಮನೋವೈದ್ಯರನ್ನು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರೆತರುವುದು. ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯರ ಮೂಲಕವೋ ಆಸ್ಪತ್ರೆಯಲ್ಲೋ ಮೊದಲೇ ಕೇಳಿಕೊಂಡು ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಆಸರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮನೋರೋಗದ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟ ಎಲ್ಲ ಸರ್ಕಾರಿ ಸಂಸ್ಥೆಗಳಲ್ಲಿ ಸದಾ ಉಚಿತವಾಗಿ ಸಿಗಬೇಕು ಎಂದು ಅದು ಹೇಳುತ್ತದೆ. ಗುಳಿಗೆ ಬೇಡುವವನು ಅಲ್ಲಿ ದಾನ ಕೇಳುತ್ತಿಲ್ಲ. ಈ ಕಲಮಿನ ವಿಷಯ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕಿತ್ತು.

ತಾಲ್ಲೂಕಿನ ಸಾಮಾನ್ಯ ವೈದ್ಯರಿಗೆ ಇದೆಲ್ಲ ಏನು ಗೊತ್ತು ಎಂಬುದು ಮೊದಲ ಆಕ್ಷೇಪ, ನ್ಯಾಯವಾದದ್ದೇ. ಇದಕ್ಕೆ ಉತ್ತರ ಕರ್ನಾಟಕದ ನೆಲದಲ್ಲೇ ಸಿಕ್ಕಿದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ಅಲ್ಪಾವಧಿಯ ತರಬೇತಿ ಕೊಟ್ಟು, ಮುಖ್ಯ ಔಷಧಗಳನ್ನು ಒದಗಿಸಿ, ಸಾಮಾನ್ಯ ದವಾಖಾನೆಯಲ್ಲೇ ಮನೋರೋಗಿಗಳನ್ನು ನೋಡಬಹುದೆಂದು ತೋರಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ಸ್ಕಿಝೋಫ್ರೇನಿಯಾ ರೋಗಿಗಳನ್ನು ಊರಲ್ಲೇ ಗುರುತಿಸಿ ಔಷಧ ಕೊಟ್ಟು ಗಮನಿಸಿದ ನಿಮ್ಹಾನ್ಸ್ ತಂಡ, ಚಿಕಿತ್ಸೆಗೆ ಬಂದವರ ದೈನಂದಿನ ಅಸಮರ್ಥತೆ ಕಡಿಮೆಯಾದದ್ದನ್ನು ಕಂಡಿತು. ತಜ್ಞರ ಕೊರತೆಯ ಲೆಕ್ಕವೂ ಈ ವಾದವನ್ನೇ ಬಲಪಡಿಸುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ 10.6 ಪ್ರತಿಶತ ಜನರಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಕಂಡಿತ್ತು. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ, ಸರಾಸರಿ ಸುಮಾರು 0.75. 2011ರ ಜನಗಣತಿಯಲ್ಲಿ ಹದಿನೇಳು ಲಕ್ಷ ದಾಟಿದ್ದ ಬೀದರ್ ಜಿಲ್ಲೆಗೆ ಈ ಸರಾಸರಿ ಪೂರ್ತಿ ಸಿಕ್ಕರೂ ಹದಿಮೂರು ಮಂದಿ ಆಗಬಹುದು. ಪ್ರತಿ ತಿಂಗಳು ಪ್ರತಿ ರೋಗಿಯನ್ನೂ ತಜ್ಞರೇ ನೋಡಬೇಕೆಂದರೆ ಯಾರನ್ನೂ ನೋಡಲಾಗದು. ತಜ್ಞರು ಔಷಧದ ಹದ ಕಟ್ಟಿಕೊಡಲಿ, ತಾಲ್ಲೂಕಿನ ವೈದ್ಯರು ಅದನ್ನು ಕಾಯಲಿ. ಗುಳಿಗೆಗೆ ಬಗ್ಗದ ಕಾಯಿಲೆ, ಕ್ಲೋಜಪಿನ್, ಗರ್ಭಿಣಿಯ ಚಿಕಿತ್ಸೆ, ಲಿಥಿಯಂ ಬದಲಾವಣೆ ಇವು ಮಾತ್ರ ಬೀದರಿಗೋ ಕಲಬುರಗಿಗೋ ಮರಳಲಿ.

ಊರಲ್ಲೇ ತೋರಿಸಿದರೆ ಸುದ್ದಿಯಾಗುತ್ತದೆ, ಮಗಳ ಮದುವೆಗೆ ತೊಡಕಾಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಈ ಭಯವನ್ನು ಹಗುರಾಗಿ ತಳ್ಳಿಹಾಕಲು ಬಾರದು. ಆದರೆ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಬಿಪಿ, ಸಕ್ಕರೆ, ಕೆಮ್ಮಿನವರೂ ನಿಂತಿರುತ್ತಾರೆ. ಯಾರು ಯಾವುದಕ್ಕೆ ಬಂದರೆಂದು ಹೊರಗಿನವರಿಗೆ ತಿಳಿಯದು. ರೋಗಿಯ ಗುಟ್ಟು ಕಾಯುವುದು ಕಾಯ್ದೆಯ ಪ್ರಕಾರವೂ ವೈದ್ಯರ ಹೊಣೆ. ಔಷಧ ತಪ್ಪಿ ಕಾಯಿಲೆ ಮರುಕಳಿಸಿ, ರೋಗಿ ಬೀದಿಯಲ್ಲಿ ಕೂಗಾಡುವ ದಿನ ಬಂದರೆ ಉಳಿಯುವ ಗುಟ್ಟು ಯಾವುದೂ ಇರುವುದಿಲ್ಲ. ದೂರದ ಊರಿನಲ್ಲಿ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಈ ಗಡಿಸೀಮೆಯ ಜನ ಕನ್ನಡ, ಮರಾಠಿ, ದಖನಿ ಉರ್ದು ಬೆರೆಸಿ ಆಡುತ್ತಾರೆ, ನಿಜ. ಆದರೆ ‘ಎದಿ ಒತ್ತಿದಂಗ ಆಗ್ತದ, ಜೀವ ಬ್ಯಾಸರ ಆಗೇದ’ ಎಂಬ ಮಾತಿನ ತೂಕ ಅದೇ ಮಾತಾಡುವವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಮನೋವೈದ್ಯರ ಮುಖ್ಯ ಪರೀಕ್ಷೆಯೇ ಮಾತು.

ಮೊದಲು ದೇವರು, ದರ್ಗಾ, ಆಮೇಲೆ ದವಾಖಾನೆ ಎನ್ನುವ ಕುಟುಂಬಗಳೂ ಇವೆ. ಗಾಣಗಾಪುರದ ಸಂಗಮಕ್ಕೆ ಹೋದರೆ ಮನಸ್ಸಿಗೆ ಸಮಾಧಾನ ಸಿಗುವುದಾದರೆ ಹೋಗಲಿ, ಗುಳಿಗೆಯ ಡಬ್ಬಿಯೂ ಜೊತೆಗಿರಲಿ. ಗುಜರಾತಿನ ಉನಾವದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ ಮತ್ತು ದುವಾ’ ಎಂಬ ಹೆಸರಿನಲ್ಲಿ ಪ್ರಾರ್ಥನೆಯ ಪಕ್ಕದಲ್ಲೇ ಮನೋವೈದ್ಯರು ಕೂತು ಚಿಕಿತ್ಸೆ ಕೊಟ್ಟಿದ್ದಾರೆ. ಕಟ್ಟಿಹಾಕುವುದು ಮಾತ್ರ ಸಲ್ಲದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ರೋಗಿಗಳು ಓಡಲಾಗದೆ ಸತ್ತರು. ಈಗ ಸರಪಳಿ ಹಾಕುವುದನ್ನು ಕಾಯ್ದೆಯ 95ನೇ ಕಲಮು ನಿಷೇಧಿಸಿದೆ.

ಕರೆಯ ಮೂಲಕ ಚಿಕಿತ್ಸೆ ಸಾಧ್ಯವೇ ಎಂಬ ಸಂಶಯಕ್ಕೆ ಉತ್ತರ ಅರ್ಧ ಹೌದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಯಾವ ಆಸ್ಪತ್ರೆಗೆ ಹೋಗಬೇಕು, ಗುಳಿಗೆ ತಪ್ಪಿದರೆ ಏನು ಮಾಡಬೇಕು ಎಂದು ಕೇಳಲು ಅದು ಒಳ್ಳೆಯ ಬಾಗಿಲು. ತೂಕ, ರಕ್ತ, ಕೈ ನಡುಕ ನೋಡುವುದು ಫೋನಿನಿಂದ ಆಗದು. ಸಾಯುವ ಮಾತಾಡುವವರನ್ನು, ಊಟ ನೀರು ಬಿಟ್ಟವರನ್ನು ಮಾತ್ರ ಫೋನಿನ ಮೇಲೆ, ಮಂಗಳವಾರದ ಮೇಲೆ ಬಿಡದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ತುರ್ತಿನಲ್ಲಿ ನೋಂದಾಯಿತ ವೈದ್ಯರು ಯಾರೇ ಆದರೂ ಚಿಕಿತ್ಸೆ ಆರಂಭಿಸಬಹುದು ಎಂದು ಕಾಯ್ದೆಯ 94ನೇ ಕಲಮು ಹೇಳುತ್ತದೆ, 72 ಗಂಟೆಯ ಮಿತಿಯಲ್ಲಿ.

ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಮುಗಿದಿದೆ ಎಂಬ ಉತ್ತರ ಬರುವ ದಿನವೂ ಉಂಟು. ಅದಕ್ಕೇ ಚೀಟಿ ಮುಖ್ಯ. ಕಂಪನಿಯ ಹೆಸರಷ್ಟೇ ಬರೆದ ಸೊಲ್ಲಾಪುರದ ಚೀಟಿ ಹಿಡಿದು ಹುಮನಾಬಾದಿನ ಅಂಗಡಿಗೆ ಬಂದರೆ ಆ ಹೆಸರಿನ ಪಟ್ಟಿ ಇಲ್ಲದಿರಬಹುದು. ರಿಸ್ಪೆರಿಡೋನ್, ಎಷ್ಟು ಮಿಲಿಗ್ರಾಂ, ರಾತ್ರಿ ಒಂದು ಎಂದು ಮೂಲ ಹೆಸರಿನಲ್ಲಿ ಬರೆಸಿಕೊಂಡರೆ ಜನೌಷಧಿ ಕೇಂದ್ರದಲ್ಲೂ ಕೇಳಬಹುದು, ಬೇರೆ ವೈದ್ಯರೂ ಓದಬಹುದು. ಚೀಟಿಯಲ್ಲಿ ಕಾಯಿಲೆಯ ಹೆಸರು, ಶುರುವಾದ ದಿನಾಂಕ, ಮುಂಚೆ ಒಗ್ಗದ ಔಷಧ, ಮುಂದಿನ ಪರೀಕ್ಷೆ ಇರಲಿ. ಅದರ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಿರಲಿ. ತೊಗರಿ ರಾಶಿ ಮುಗಿಸಿ ಹೈದರಾಬಾದಿಗೋ ಪುಣೆಗೋ ದುಡಿಯಲು ಹೊರಡುವವರು ಹೊರಡುವ ಮೊದಲೇ ವೈದ್ಯರಿಗೆ ದಿನಾಂಕ ಹೇಳಿದರೆ, ಎಷ್ಟು ದಿನದ ಗುಳಿಗೆ ಕೊಡಬಹುದೆಂದು ಅವರು ಲೆಕ್ಕ ಹಾಕುತ್ತಾರೆ, ಕೆಲವು ವಾರಗಳಿಗೊಮ್ಮೆ ಚುಚ್ಚುವ ಫ್ಲುಫೆನಾಜಿನ್ ಇಂಜೆಕ್ಷನ್ ಸೂಕ್ತವೇ ಎಂದೂ ನೋಡುತ್ತಾರೆ. ಅಲ್ಲಿನ ಸರ್ಕಾರಿ ಆಸ್ಪತ್ರೆಗೂ ಅದೇ 2017ರ ಕಾಯ್ದೆ ಅನ್ವಯಿಸುವುದರಿಂದ, ಆ ಚೀಟಿ ತೋರಿಸಿ ಅಲ್ಲಿ ಔಷಧ ಕೇಳುವ ಹಕ್ಕು ಬಸವಕಲ್ಯಾಣದ ಕೂಲಿಕಾರನಿಗೆ ಇದ್ದೇ ಇದೆ.